ದಾಳಿಂಬೆಗೆ ಟ್ರೈಕೋಡರ್ಮಾ: ಪುಡಿ ಚೊಲೋ, ಮಾರುವ ಅಂಗಡಿ ನೋಡಿ ತೊಗೊಳ್ಳಿ

ಬಾಗಲಕೋಟೆಯ ಗೊಬ್ಬರದ ಅಂಗಡಿಗಳಲ್ಲಿ ಸಿಗುವ ಟ್ರೈಕೋಡರ್ಮಾ ಹಾರ್ಜಿಯಾನಮ್, ಅಂದರೆ ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ, ಒಂದು ಕೆಜಿ ಪ್ಯಾಕೆಟ್. ತಯಾರಿಸುವವರು ಬಯೋಕೆಮಿಸ್ಟ್ರಿ ಓದಿ, ಲ್ಯಾಬ್ ಕೆಲಸ ಬಿಟ್ಟು ಸ್ವಂತ ಘಟಕ ಹಾಕಿದವರು. ಆ ಓದು ಪ್ಯಾಕೆಟ್ಟಿನ ಮೇಲೆಯೇ ಕಾಣುತ್ತದೆ: ತಳಿಯ ಹೆಸರು, ಬ್ಯಾಚ್ ನಂಬರ್, ತಯಾರಾದ ಮತ್ತು ಅವಧಿ ಮುಗಿಯುವ ಎರಡೂ ದಿನಾಂಕ, ಕೀಟನಾಶಕ ಕಾಯ್ದೆಯಡಿ ನೋಂದಣಿ ಸಂಖ್ಯೆ, ಗ್ರಾಂಗೆ 20 ಲಕ್ಷ ಸಿಎಫ್‌ಯು (ಬೆಳೆಯಬಲ್ಲ ಜೀವಕಣ). ಇವು ಇಲ್ಲದ ಪುಡಿಯನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಈ ಶಿಲೀಂಧ್ರ ಬೇರಿನ ಸುತ್ತ ಮೊದಲೇ ಜಾಗ ಹಿಡಿಯುತ್ತದೆ. ರೋಗದ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು ಕೈಟಿನೇಸ್, ಗ್ಲುಕನೇಸ್ ಕಿಣ್ವಗಳಿಂದ ಅದರ ಗೋಡೆ ಕರಗಿಸುತ್ತದೆ. ಹಾಗಾಗಿ ಇದು ರೋಗ ಬರುವ ಮೊದಲಿನ ಕಾವಲು. ಸೊರಗು ರೋಗ ತರುವ ಸೆರಟೊಸಿಸ್ಟಿಸ್ ಶಿಲೀಂಧ್ರ ಗಿಡದ ನೀರಿನ ನಾಳಕ್ಕೆ ಇಳಿದ ಮೇಲೆ ಎಷ್ಟು ಸುರಿದರೂ ಗಿಡ ಏಳುವುದಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿಗಂತೂ ಇದರ ಸಂಬಂಧವೇ ಇಲ್ಲ, ಅಂಗಡಿಯವರು ಏನೇ ಹೇಳಲಿ.

ಪುಡಿಯನ್ನು ನೇರವಾಗಿ ಒಣ ಮಣ್ಣಿಗೆ ಚೆಲ್ಲಿದರೆ ದುಡ್ಡು ಹಾಳು. ಪೂರ್ತಿ ಕಳಿತ 100 ಕೆಜಿ ತಿಪ್ಪೆಗೊಬ್ಬರಕ್ಕೆ ಒಂದು ಕೆಜಿ ಪುಡಿ ಬೆರೆಸಿ, ಜೊತೆಗೆ 10 ಕೆಜಿ ಬೇವಿನ ಹಿಂಡಿ ಸೇರಿಸಿದರೆ ಇನ್ನೂ ಒಳ್ಳೆಯದು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ನೆರಳಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿಚೀಲ ಹೊದಿಸಿ, ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿ, 10ರಿಂದ 15 ದಿನ ಬಿಡಿ. ಹಸಿ ಸಗಣಿ ಬೇಡ. ಅದರ ಕಾವು ಏರಿ ಶಿಲೀಂಧ್ರವೇ ಸಾಯುತ್ತದೆ. ಆಮೇಲೆ ಗಿಡಕ್ಕೆ ಎರಡು ಕೆಜಿಯಂತೆ ಡ್ರಿಪ್ಪಿನ ನೀರು ಬೀಳುವಲ್ಲಿ ಹಾಕಿ, ಮಣ್ಣು ಮುಚ್ಚಿ. ಡ್ರಿಪ್ಪಿನಲ್ಲೇ ಬಿಡುವ ಯೋಚನೆ ಇದ್ದರೆ ದ್ರವರೂಪದ್ದು ಕೊಳ್ಳಿ. ಈ ಪುಡಿಯಲ್ಲಿರುವ ಟಾಲ್ಕ್ (ಕಲ್ಲಿನ ನುಣ್ಣನೆ ಪುಡಿ) ಫಿಲ್ಟರ್, ಡ್ರಿಪ್ಪರ್ ಎರಡನ್ನೂ ಕಟ್ಟಿಸುತ್ತದೆ.

ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕವನ್ನು ಬುಡಕ್ಕೆ ಹಾಕಿದ್ದರೆ 15 ದಿನ ತಡೆಯಿರಿ, ಇದನ್ನು ಹಾಕಿದ ಮೇಲೂ ಅಷ್ಟೇ ದಿನ ಆ ಔಷಧಿ ದೂರ ಇಡಿ. ಅದಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದ ಗೊತ್ತಿಲ್ಲ. ಪ್ಯಾಕೆಟ್ಟಿನ ಮೇಲೆ ಈ ಮಾತು ಅತಿ ಸಣ್ಣ ಅಕ್ಷರದಲ್ಲಿದೆ, ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ದಪ್ಪಗೆ ಅಚ್ಚಾಗಬೇಕಿತ್ತು.

ನಿಜವಾದ ತೊಂದರೆ ಅಂಗಡಿಯಲ್ಲಿದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ, ಯೂರಿಯಾ ಚೀಲದ ಮೇಲೆ ಇದನ್ನು ಪೇರಿಸಿಡುತ್ತಾರೆ. ಜೀವ ಇರುವ ವಸ್ತು ಅಲ್ಲಿ ದಿನದಿನಕ್ಕೂ ಸಾಯುತ್ತದೆ, ಅವಧಿಯ ದಿನಾಂಕ ಮಾತ್ರ ಹಾಗೇ ಉಳಿಯುತ್ತದೆ.

ಅನುಮಾನ ಬಂದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನೆನೆಸಿದ ಜೋಳವನ್ನು ಎರಡು ಗಾಜಿನ ಬಾಟಲಿಗೆ ಅರ್ಧರ್ಧ ತುಂಬಿ, ಬಾಯಿಗೆ ಹತ್ತಿ ಇಟ್ಟು, ಕುಕ್ಕರಿನಲ್ಲಿ ಅರ್ಧ ತಾಸು ಬೇಯಿಸಿ ಆರಿಸಿ. ಒಂದಕ್ಕೆ ಚಿಟಿಕೆ ಪುಡಿ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಪುಡಿಯಲ್ಲಿ ಜೀವ ಇದ್ದರೆ ಎರಡು ಮೂರು ದಿನಕ್ಕೆ ಬಿಳಿ ಎಳೆ, ಐದಾರು ದಿನಕ್ಕೆ ಕಡು ಹಸಿರು. ಪುಡಿ ಹಾಕದ ಬಾಟಲಿಯಲ್ಲೂ ಬೂಷ್ಟು ಬಂದರೆ ಹೊರಗಿನದು ಸೇರಿದೆ, ಮತ್ತೆ ಮಾಡಿ.

ಹೊಸ ಬ್ಯಾಚು, ತಂಪು ಗೋದಾಮು ಎರಡೂ ಇರುವ ಕಡೆ ಕಣ್ಣುಮುಚ್ಚಿ ಕೊಳ್ಳಬಹುದಾದ ಮಾಲು ಇದು. ಮೂರು ತಿಂಗಳಿಗಿಂತ ಹಳೆಯದಾದರೆ ಮೊದಲು ಒಂದೇ ಪ್ಯಾಕೆಟ್ ತಂದು ಜೋಳಕ್ಕೆ ಹಾಕಿ ನೋಡಿ.