ಸಿರಪ್ ಬಿಟ್ಟ ದಿನ ಬರುವ ಶೀತ, ಶೀತವಲ್ಲ

ಶಿಡ್ಲಘಟ್ಟದಲ್ಲಿ ನಮ್ಮದು ಸಣ್ಣ ರೇಷ್ಮೆ ರೀಲಿಂಗ್ ಘಟಕ. ಗೂಡು ಬೇಯಿಸುವ ಬಾನಿ ಮುಂದೆ ಕೂತರೆ ಆವಿ, ಹುಳದ ವಾಸನೆ, ಸೌದೆ ಹೊಗೆ ಎಲ್ಲಾ ಎದೆಗೇ. ನಮ್ಮ ಬೀದೀಲಿ ಕೆಮ್ಮು ಯಾರಿಗೂ ಹೊಸದಲ್ಲ. ಎರಡು ವರ್ಷದ ಹಿಂದೆ ಒಬ್ಬ ವೈದ್ಯರು ಐದು ದಿನಕ್ಕೆಂದು ಕೋಡೀನ್ ಇರುವ ಸಿರಪ್ ಬರೆದುಕೊಟ್ಟರು. ಅದೇ ಚೀಟಿಯನ್ನು ನಾನು ಹನ್ನೊಂದು ತಿಂಗಳು ಓಡಿಸಿದೆ. ಮಡಿಕೆಯಲ್ಲಿ ಹರಿದಾಗ ಟೇಪ್ ಅಂಟಿಸಿದೆ. ಶೆಡ್ಯೂಲ್ ಎಚ್1 ಔಷಧಿ ಅದು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ, ಬಿಗಿ ನಿಗಾ ಇರುವ ಪಟ್ಟಿಯದು. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ರಿಜಿಸ್ಟರಿನಲ್ಲಿ ಬರೆದಿಡಬೇಕು. ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ.

ಮೊದಲು ಮುಚ್ಚಳದಲ್ಲಿ ಅಳೆದು ಕುಡಿಯುತ್ತಿದ್ದೆ, ಆಮೇಲೆ ಬಾಟಲಿಯನ್ನೇ ಬಾಯಿಗಿಟ್ಟೆ. ಲೇಬಲ್ ಮೇಲೆ 5 ಎಂಎಲ್‌ಗೆ 10 ಮಿಲಿಗ್ರಾಂ ಕೋಡೀನ್ ಅಂತಿತ್ತು. 100 ಎಂಎಲ್ ಬಾಟಲಿ ದಿನಕ್ಕೊಂದಾದರೆ 200 ಮಿಲಿಗ್ರಾಂ. ಕೋಡೀನ್ ಅಫೀಮಿನ ಕುಲದ್ದು, ಒಂದು ಪಾಲು ದೇಹದೊಳಗೆ ಮಾರ್ಫಿನ್ ಆಗುತ್ತದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಮಲಬದ್ಧತೆಗೆ ಬೇರೆ ಪುಡಿ ನುಂಗುತ್ತಿದ್ದೆ. ಆ ಮಲಬದ್ಧತೆಯೂ ಅದೇ ಬಾಟಲಿಯ ಕಥೆ ಅಂತ ಹೊಳೆಯಲಿಲ್ಲ.

ಒಮ್ಮೆ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ. ಮಾರನೇ ದಿನ ಮೂಗು ಸೋರಿತು, ಆಕಳಿಕೆ ಮೇಲೆ ಆಕಳಿಕೆ, ಭೇದಿ, ಮೂಳೆ ಮೂಳೆ ನೋವು. ಬಾನಿಯ ಬಿಸಿ ಮುಂದೆ ಕೂತಿದ್ದರೂ ತೋಳಿನ ರೋಮ ನಿಮಿರಿ ನಿಂತಿತ್ತು. ಶೀತಜ್ವರ ಅಂದುಕೊಂಡು ಚಿಂತಾಮಣಿವರೆಗೂ ಹೋಗಿ ಸಿರಪ್ ತಂದೆ. ಅರ್ಧ ಗಂಟೆಯಲ್ಲಿ ಎಲ್ಲಾ ಮಾಯ! ಔಷಧಿ ಎಷ್ಟು ಚೆನ್ನಾಗಿ ಹಿಡಿಯಿತು ಅಂತ ಹೆಂಡತಿ ಹತ್ತಿರ ಹೊಗಳಿದೆ. ಇಲ್ಲೇ ನೋಡಿ ನಾನು ಮೋಸ ಹೋಗಿದ್ದು. ಅದು ಶೀತಜ್ವರವಲ್ಲ, ಚಟ ಹತ್ತಿದ ದೇಹ ಕೋಡೀನ್ ಸಿಗದೆ ಒದ್ದಾಡಿದ್ದು.

ಕೊನೆಗೆ ಬೇರೊಬ್ಬ ವೈದ್ಯರು ಟಾರ್ಚ್ ಹಾಕಿ ಕಣ್ಣಿನ ಪಾಪೆ ನೋಡಿ, "ಒಂದು ಬಾಟಲಿ ಎಷ್ಟು ದಿನ ಬರುತ್ತೆ?" ಅಂದರು. ನಾನು ತಲೆ ತಗ್ಗಿಸಿದೆ. "ನಿನ್ನೆ ತಂದಿದ್ದು ನಿನ್ನೆಯೇ ಖಾಲಿ ಸಾರ್" ಅಂದಳು ಹೆಂಡತಿ. ಅವರು ಬೈಯಲಿಲ್ಲ. ಒಬ್ಬನೇ ಹಟ ಹಿಡಿದು ನಿಲ್ಲಿಸಬೇಡ ಅಂತ ಹೇಳಿ ಮನೋವೈದ್ಯರಿಗೆ ಪತ್ರ ಕೊಟ್ಟರು. ಚಟ ಬಿಡಿಸಲು ಕೊಡುವ, ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆ ಶುರುವಾಯಿತು, ನಿಧಾನವಾಗಿ ಇಳಿಸಿದರು. ಕೆಮ್ಮು ಅಸಲಿಗೆ ಆಸ್ತಮಾ. ಈಗ ಇನ್‌ಹೇಲರ್ ಇದೆ.

ಬಿಟ್ಟವರು ಮತ್ತೆ ಹಳೇ ಅಳತೆಗೆ ಕೈ ಹಾಕಬೇಡಿ, ದೇಹ ಅಷ್ಟನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ, ಉಸಿರೇ ನಿಲ್ಲಬಹುದು. ಹೆಂಡ, ನಿದ್ದೆ ಮಾತ್ರೆ ಜೊತೆಗಂತೂ ಬೇಡವೇ ಬೇಡ. ವೈದ್ಯರ ಮುಂದೆ ಬಾಯಿ ಬಿಡಲು ನಾಚಿಕೆಯಾದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್; ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.