ಸೋತ ಗುರುತನ್ನೇ ಅಳಿಸಿಬಿಡುವ ‘ಕೈಂಡ್’: ಎರಡು ವರ್ಷ ಬಳಸಿದ ಮೇಲೆ

‘ಕೈಂಡ್’ ಎಂಬ ತಂತ್ರಾಂಶ ಉಪಕರಣವನ್ನು ಹೊಗಳುವವರೆಲ್ಲ ಅದು ಎಷ್ಟು ಬೇಗ ಏಳುತ್ತದೆ ಎಂಬುದನ್ನೇ ಬರೆಯುತ್ತಾರೆ. ಏಳದೆ ಬಿದ್ದಾಗ ಏನು ಮಾಡುತ್ತದೆ ಎಂಬುದನ್ನು ನಾನು ಬರೆಯುತ್ತೇನೆ. ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷೆ. ಸರಿಯಾಗಿ ನಡೆಯುತ್ತಿರುವುದನ್ನು ನೋಡಿ ತಲೆದೂಗಲು ನನಗೆ ಯಾರೂ ಸಂಬಳ ಕೊಡುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಟೇನರ್ ಎಂದರೆ ತಂತ್ರಾಂಶವೊಂದನ್ನು ಅದಕ್ಕೆ ಬೇಕಾದ ಸರಂಜಾಮಿನೊಡನೆ ಕಟ್ಟಿಟ್ಟ ಪೆಟ್ಟಿಗೆ. ಇಂಥ ನೂರಾರು ಕಂಟೇನರ್‌ಗಳನ್ನು ಹಲವು ಯಂತ್ರಗಳ ಮೇಲೆ ಹಂಚಿ, ಬಿದ್ದದ್ದನ್ನು ಎತ್ತಿ ನಿಲ್ಲಿಸುವ ವ್ಯವಸ್ಥೆ ಕುಬರ್ನೆಟೀಸ್. 2014ರಲ್ಲಿ ಗೂಗಲ್ ಅದನ್ನು ಮುಕ್ತ ತಂತ್ರಾಂಶವಾಗಿ ಹೊರತಂದಿತು. ಹೆಸರು ಗ್ರೀಕ್ ಭಾಷೆಯದು, ಚುಕ್ಕಾಣಿ ಹಿಡಿದವನು ಎಂದರ್ಥ. ಅದೇ ವ್ಯವಸ್ಥೆಯನ್ನು ಒಂದೇ ಲ್ಯಾಪ್‌ಟಾಪಿನೊಳಗೆ ಕಟ್ಟಿಕೊಡುವುದು ಕೈಂಡ್. ‘ಕುಬರ್ನೆಟೀಸ್ ಇನ್ ಡಾಕರ್’ ಎಂಬುದನ್ನು ಕುಗ್ಗಿಸಿದರೆ ಈ ಹೆಸರು ಬರುತ್ತದೆ. ಡಾಕರ್ ಎಂದರೆ ಕಂಟೇನರ್‌ಗಳನ್ನು ಓಡಿಸುವ ಉಪಕರಣ. ಕುಬರ್ನೆಟೀಸ್ ನಡೆಸುವ ಯಂತ್ರಗಳ ಗುಂಪು ಕ್ಲಸ್ಟರ್, ಅದರ ಒಂದೊಂದು ಯಂತ್ರ ನೋಡ್. ಇಲ್ಲಿ ಒಂದೊಂದು ನೋಡ್ ಎಂದರೆ ಒಂದೊಂದು ಡಾಕರ್ ಕಂಟೇನರ್. ಅದರೊಳಗೆ ಉಳಿದೆಲ್ಲವನ್ನೂ ಎಬ್ಬಿಸುವ ಸಿಸ್ಟಮ್‌ಡಿ, ಅದರ ಕೆಳಗೆ ಕಂಟೇನರ್‌ಗಳನ್ನು ಓಡಿಸುವ ಕಂಟೇನರ್‌ಡಿ ಮತ್ತು ನೋಡನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್, ಅವುಗಳ ಕೆಳಗೆ ಮತ್ತೆ ನಮ್ಮ ಕಂಟೇನರ್‌ಗಳು. ಪೆಟ್ಟಿಗೆಯೊಳಗೆ ಪೆಟ್ಟಿಗೆ. ಕುಬರ್ನೆಟೀಸನ್ನೇ ಪರೀಕ್ಷಿಸಬೇಕಾದವರು ತಮ್ಮ ಅನುಕೂಲಕ್ಕೆಂದು ಇದನ್ನು ಕಟ್ಟಿಕೊಂಡರು. ನಾವೆಲ್ಲ ಆಮೇಲೆ ಬಂದು ಸೇರಿಕೊಂಡವರು. ಉಚಿತ, ಒಂದೇ ಫೈಲು, ತಂದು ಹಾಕಿಕೊಂಡರೆ ಆಯಿತು. ಒಂದು ನೋಡಿನ ಕ್ಲಸ್ಟರನ್ನು ನನ್ನ ಯಂತ್ರದಲ್ಲಿ ಒಂದು ನಿಮಿಷದ ಆಸುಪಾಸಿನಲ್ಲಿ ಎಬ್ಬಿಸುತ್ತದೆ. ಕೊನೆಯಲ್ಲಿ ಹಲವು ಬಾರಿ ‘ಶುಭದಿನ’ ಎಂಬರ್ಥದ ಒಂದು ಸಾಲನ್ನೂ ಕೈಬೀಸುವ ಚಿತ್ರವನ್ನೂ ತೋರಿಸುತ್ತದೆ.

ಆ ಕೈಬೀಸುವ ಚಿತ್ರ ಕಾಣಿಸದೇ ಹೋದ ಒಂದು ಸಂಜೆಯ ಕಥೆ ಇದು.

ನನಗೆ ಬೇಕಿದ್ದುದು ನಾಲ್ಕು ನೋಡ್‌ಗಳ ಕ್ಲಸ್ಟರ್: ಆಡಳಿತ ನಡೆಸುವ ಒಂದು ಕಂಟ್ರೋಲ್ ಪ್ಲೇನ್, ಕೆಲಸ ಮಾಡುವ ಮೂರು ವರ್ಕರ್. ಒಂದು ನೋಡನ್ನು ಕಿತ್ತರೆ ನಮ್ಮ ತಂತ್ರಾಂಶ ಉಳಿದೆರಡಕ್ಕೆ ಸರಿಯಾಗಿ ಹಂಚಿಹೋಗುತ್ತದೆಯೇ ಎಂದು ನೋಡಬೇಕಿತ್ತು. ಸಂರಚನೆಯ ಫೈಲು ಹಳೆಯದೇ, ಹತ್ತಾರು ಬಾರಿ ಓಡಿದ್ದು. ಆಜ್ಞೆ ಕೊಟ್ಟೆ. ನೋಡ್ ಇಮೇಜ್, ಅಂದರೆ ನೋಡ್ ಎರೆಯುವ ಅಚ್ಚು, ಸಿಕ್ಕಿತು ಎಂದು ಹಸಿರು ಗುರುತು ಬಂತು. ‘ಪ್ರಿಪೇರಿಂಗ್ ನೋಡ್ಸ್’ ಎಂಬ ಎರಡನೆಯ ಹಂತದಲ್ಲಿ, ನಾಲ್ಕು ಪೆಟ್ಟಿಗೆಗಳ ಚಿತ್ರದ ಪಕ್ಕದಲ್ಲಿ, ಕೆಂಪು ಗುರುತು. ಹೊಳೆಗೆ ಇಳಿಯುವ ಮೊದಲೇ ದಡದಲ್ಲಿ ಮುಳುಗಿದ ಅಂಬಿಗ.

ದೋಷದ ಸಂದೇಶವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಮಲ್ಟಿ ಯೂಸರ್ ಸಿಸ್ಟಮ್ ಎಂಬ ಗುರಿ ತಲುಪಿತು ಅಥವಾ ಸಿಗ್ರೂಪ್ ವಿ1 ಪತ್ತೆಯಾಯಿತು ಎನ್ನುವುದಕ್ಕೆ ಹೊಂದುವ ಲಾಗ್ ಸಾಲು ಸಿಗಲಿಲ್ಲ.’ (ಲಾಗ್ ಎಂದರೆ ತಂತ್ರಾಂಶ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ.) ಅದರ ಕೆಳಗೆ, ನೋಡ್‌ಗಳನ್ನು ಅಳಿಸಲಾಗಿದೆ ಎಂಬ ಒಕ್ಕಣೆ. ಅಷ್ಟೇ.

ಈ ವಾಕ್ಯವನ್ನು ಒಮ್ಮೆ ಬಿಡಿಸಿ ನೋಡಿ. ಇದು ಏನು ಕೆಟ್ಟಿತು ಎಂದು ಹೇಳುತ್ತಿಲ್ಲ. ತಾನು ಕಾಯುತ್ತಿದ್ದ ಮಾತು ಕಿವಿಗೆ ಬೀಳಲಿಲ್ಲ ಎಂದಷ್ಟೇ ಹೇಳುತ್ತಿದೆ. ಕೈಂಡ್ ಪ್ರತಿಯೊಂದು ನೋಡನ್ನು ಶುರುಮಾಡಿ, ಅದರೊಳಗಿನ ಸಿಸ್ಟಮ್‌ಡಿ ಎದ್ದು ನಿಂತ ಸೂಚನೆಗಾಗಿ ಲಾಗ್ ನೋಡುತ್ತಾ ಸ್ವಲ್ಪ ಹೊತ್ತು ಕೂರುತ್ತದೆ. ಸೂಚನೆ ಬರದಿದ್ದರೆ ಸೋಲು. ಒಳಗೆ ಸಿಸ್ಟಮ್‌ಡಿ ಏನೆಂದು ಗೋಳಾಡಿತು ಎಂಬುದು ಆ ನೋಡಿನ ಲಾಗ್‌ನಲ್ಲಿದೆ. ಆದರೆ ನೋಡನ್ನು ಅಳಿಸಿಯಾಗಿದೆ! ಸೋತೊಡನೆ ಜಾಗ ಗುಡಿಸಿ ಶುಚಿಮಾಡುವುದು ಕೈಂಡ್‌ನ ಹುಟ್ಟುಗುಣ. ಕಳ್ಳತನವಾದ ಮನೆಗೆ ಪೊಲೀಸರು ಬರುವ ಮೊದಲೇ ನೆಲ ಒರೆಸಿ ಇಟ್ಟ ಹಾಗೆ.

ಆ ಸಾಲಿನಲ್ಲಿ ನನ್ನ ಕಣ್ಣಿಗೆ ಬಿದ್ದ ಪರಿಚಿತ ಪದ ಸಿಗ್ರೂಪ್. ಹಾಗಾಗಿ ಸುಮಾರು ಒಂದು ಗಂಟೆ ಅದರ ಬೆನ್ನು ಹತ್ತಿದೆ. ಲಿನಕ್ಸ್ ಕರ್ನಲ್ ಪ್ರಕ್ರಿಯೆಗಳಿಗೆ ಮೆಮೊರಿ, ಪ್ರೊಸೆಸರ್ ಪಾಲು ಹಾಕುವ ಏರ್ಪಾಡು ಅದು. ಒಂದನೆಯ ಮತ್ತು ಎರಡನೆಯ ಆವೃತ್ತಿಗಳಿದ್ದು, ಅವುಗಳ ಹೊಂದಾಣಿಕೆ ತಪ್ಪಿದರೆ ಕ್ಲಸ್ಟರ್ ಏಳುವುದಿಲ್ಲ ಎನ್ನುವುದು ನಿಜ. ನನ್ನ ಯಂತ್ರದಲ್ಲಿದ್ದದ್ದು ಎರಡನೆಯದೇ, ಎಲ್ಲವೂ ಸರಿಯಾಗಿಯೇ ಇತ್ತು. ಡಾಕರ್ ಆವೃತ್ತಿ ನೋಡಿದೆ, ಸರಿ. ಡಿಸ್ಕಿನಲ್ಲಿ ಜಾಗ ಧಾರಾಳ. ನೋಡ್ ಇಮೇಜನ್ನು ಕಿತ್ತು ಹೊಸದಾಗಿ ತಂದೆ. ಒಂದೇ ನೋಡಿನ ಕ್ಲಸ್ಟರ್ ಹೇಳಿದರೆ ಥಟ್ಟನೆ ಎದ್ದಿತು, ಕೈಯನ್ನೂ ಬೀಸಿತು. ನಾಲ್ಕು ಎಂದರೆ ಮತ್ತೆ ಅದೇ ಕೆಂಪು. ಈ ಕೊನೆಯ ವ್ಯತ್ಯಾಸವೇ ಸುಳಿವು ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪರೀಕ್ಷಕಿ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಹಿಂದೆ ನಿಂತು ನೋಡುತ್ತಿದ್ದ. “ಮೇಡಂ, ಅದು ಅಳಿಸುವ ಮೊದಲು ಒಳಗೆ ಇಣುಕಿ ನೋಡಲು ಆಗುವುದಿಲ್ಲವೇ?” ಎಂದು ಕೇಳಿದ. ಆಗುತ್ತದೆ. ಎರಡು ವರ್ಷದಿಂದ ಬಳಸುತ್ತಿದ್ದರೂ ನಾನು ಒಮ್ಮೆಯೂ ಮುಟ್ಟದ ಒಂದು ಫ್ಲ್ಯಾಗ್ ಇದೆ, ಹೆಸರು ‘ರಿಟೇನ್’. ಕ್ಲಸ್ಟರ್ ಕಟ್ಟುವ ಆಜ್ಞೆಯ ಕೊನೆಗೆ ಅದನ್ನು ಸೇರಿಸಿದರೆ, ಸೋತರೂ ನೋಡ್‌ಗಳು ಇದ್ದ ಹಾಗೆಯೇ ಉಳಿಯುತ್ತವೆ. ಆಮೇಲೆ ಬಿದ್ದ ನೋಡಿನ ಲಾಗನ್ನು ಡಾಕರ್ ಮೂಲಕವೇ ಓದಬಹುದು. ಅಥವಾ ಕೈಂಡ್‌ನ ‘ಎಕ್ಸ್‌ಪೋರ್ಟ್ ಲಾಗ್ಸ್’ ಆಜ್ಞೆಯಿಂದ ಎಲ್ಲ ನೋಡ್‌ಗಳ ಕ್ಯೂಬ್‌ಲೆಟ್, ಕಂಟೇನರ್‌ಡಿ ಲಾಗ್‌ಗಳನ್ನು ಒಂದು ಫೋಲ್ಡರಿಗೆ ಇಳಿಸಿಕೊಳ್ಳಬಹುದು.

ಇಳಿಸಿದೆ. ಮೂರನೆಯ ವರ್ಕರ್‌ನ ಲಾಗ್ ನಾಲ್ಕೇ ಸಾಲಿನದು. ‘ಕಂಟ್ರೋಲ್ ಗ್ರೂಪ್ ಐನೋಟಿಫೈ ವಸ್ತುವನ್ನು ಸೃಷ್ಟಿಸಲಾಗಲಿಲ್ಲ: ತೆರೆದ ಫೈಲುಗಳು ಅತಿಯಾದವು’ ಎಂದು ಹೇಳಿ ಸಿಸ್ಟಮ್‌ಡಿ ಪ್ರಾಣ ಬಿಟ್ಟಿತ್ತು.

ತೆರೆದ ಫೈಲುಗಳು ಅತಿಯಾದವು ಎಂದರೆ ಯಾರಾದರೂ ಏನು ಮಾಡುತ್ತಾರೆ? ಫೈಲುಗಳ ಮಿತಿ ಏರಿಸುತ್ತಾರೆ. ನಾನೂ ‘ಯುಲಿಮಿಟ್’ ಅನ್ನು ಮುಗಿಲಿಗೇರಿಸಿದೆ. ಏನೂ ಬದಲಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕೆಲಸವಾಯಿತು. ಏಕೆಂದರೆ ಇಲ್ಲಿ ತುಂಬಿಹೋದದ್ದು ಫೈಲುಗಳ ಲೆಕ್ಕವಲ್ಲ, ಐನೋಟಿಫೈ ಲೆಕ್ಕ. ಯಾವುದಾದರೂ ಫೈಲು ಬದಲಾದರೆ ನನಗೆ ಹೇಳು ಎಂದು ಪ್ರಕ್ರಿಯೆಯೊಂದು ಕರ್ನಲ್‌ಗೆ ಕೇಳಿಕೊಳ್ಳುವ ಸೌಕರ್ಯವದು. ಒಬ್ಬ ಬಳಕೆದಾರ ಹೀಗೆ ಎಷ್ಟು ಕೇಳಿಕೆಗಳನ್ನು ತೆರೆಯಬಹುದು ಎಂಬುದಕ್ಕೆ ಪ್ರತ್ಯೇಕ ಮಿತಿಯಿದೆ. ಆ ಮಿತಿ ಮುಟ್ಟಿದಾಗಲೂ ಕರ್ನಲ್ ಹಿಂದಿರುಗಿಸುವುದು ಅದೇ ಹಳೆಯ ದೋಷಸಂಖ್ಯೆಯನ್ನು; ಹೀಗಾಗಿ ಮಾತೂ ಅದೇ. ಎರಡು ಬೇರೆ ಕಾಯಿಲೆಗಳಿಗೆ ಒಂದೇ ಹೆಸರು.

ಆಗಲೂ ಒಂದು ತಪ್ಪು ಹೆಜ್ಜೆ ಇಟ್ಟೆ. ಕೋಡ್ ಬರೆಯುವ ಎಡಿಟರ್‌ಗಳು ಸಾವಿರಾರು ಫೈಲುಗಳ ಮೇಲೆ ಕಣ್ಣಿಟ್ಟಿರುತ್ತವೆ, ಅದೇ ಕಳ್ಳ ಎಂದುಕೊಂಡು ಎಡಿಟರ್ ಮುಚ್ಚಿದೆ. ಉಪಯೋಗವಾಗಲಿಲ್ಲ. ಮಿತಿ ಪ್ರತಿ ಬಳಕೆದಾರನಿಗೆ ಬೇರೆ ಬೇರೆ: ಎಡಿಟರ್ ಓಡುವುದು ನನ್ನ ಹೆಸರಿನಲ್ಲಿ, ಕೈಂಡ್‌ನ ನೋಡ್‌ಗಳು ಓಡುವುದು ಯಂತ್ರದ ಸರ್ವಾಧಿಕಾರಿ ಬಳಕೆದಾರನಾದ ರೂಟ್ ಹೆಸರಿನಲ್ಲಿ. ಕಂಟೇನರ್‌ಗಳು ಎಷ್ಟೇ ಗೋಡೆ ಕಟ್ಟಿಕೊಂಡಿರಲಿ, ಕೆಳಗಿರುವುದು ಒಂದೇ ಕರ್ನಲ್. ಎಲ್ಲ ನೋಡ್‌ಗಳ ಖರ್ಚೂ ಒಂದೇ ಖಾತೆಗೆ. ನನ್ನ ಯಂತ್ರದಲ್ಲಿ ಆ ಖಾತೆಯ ಮಿತಿ 128 ಇತ್ತು. ಪ್ರತಿ ನೋಡಿನ ಸಿಸ್ಟಮ್‌ಡಿ, ಕಂಟೇನರ್‌ಡಿ, ಕ್ಯೂಬ್‌ಲೆಟ್ ಎಲ್ಲವೂ ಅದರಿಂದ ಕಿತ್ತುಕೊಳ್ಳುತ್ತವೆ.

ಮದ್ದು ಎರಡು ಸಾಲು. ಕೈಂಡ್‌ನ ದಾಖಲೆಗಳಲ್ಲಿ ‘ತಿಳಿದಿರುವ ಸಮಸ್ಯೆಗಳು’ ಎಂಬ ಪುಟದಲ್ಲಿಯೇ ಇದೆ: ಕರ್ನಲ್ ನಿಯತಾಂಕಗಳಲ್ಲಿ ಐನೋಟಿಫೈ ಇನ್‌ಸ್ಟೆನ್ಸ್‌ಗಳ (ತೆರೆದ ಕೇಳಿಕೆಗಳ) ಮಿತಿಯನ್ನು 512ಕ್ಕೂ, ವಾಚ್‌ಗಳ (ಕಣ್ಣಿಟ್ಟ ಫೈಲುಗಳ) ಮಿತಿಯನ್ನು 524288ಕ್ಕೂ ಏರಿಸಿ. ಏರಿಸಿದೆ, ನಾಲ್ಕೂ ನೋಡ್‌ಗಳು ಎದ್ದವು. ಆಜ್ಞೆಯಲ್ಲಿ ಬದಲಿಸಿದ್ದು ಯಂತ್ರ ಮರುಚಾಲೂ ಆದೊಡನೆ ಹೋಗಿಬಿಡುತ್ತದೆ, ಈ ನಿಯತಾಂಕಗಳನ್ನು ಉಳಿಸಿಡುವ ಸಿಸ್‌ಸಿಟಿಎಲ್ ಫೈಲಿನಲ್ಲಿ ಬರೆದಿಡಬೇಕು. ಅದನ್ನು ಮರೆತು ಮೂರು ದಿನದ ನಂತರ ಮತ್ತೆ ಅದೇ ಕೆಂಪು ಗುರುತಿನ ಮುಂದೆ ಕೂತೆ ಎಂಬುದನ್ನು ವಿವರವಾಗಿ ಬರೆಯುವುದಿಲ್ಲ. ವಿಂಡೋಸ್, ಮ್ಯಾಕ್ ಬಳಸುವವರು ಗಮನಿಸಿ: ನಿಮ್ಮ ಡಾಕರ್ ಒಂದು ವರ್ಚುವಲ್ ಯಂತ್ರದೊಳಗಿನ ಲಿನಕ್ಸ್‌ನಲ್ಲಿದೆ, ಬದಲಿಸಬೇಕಾದ ಅಂಕಿಗಳೂ ಅಲ್ಲಿಯೇ ಇವೆ.

ಹತ್ತಾರು ಬಾರಿ ಓಡಿದ್ದ ಫೈಲು ಅಂದೇ ಏಕೆ ಕೈಕೊಟ್ಟಿತು? ತಿಂಗಳ ಹಿಂದೆ ಬೇರೆ ಹೆಸರಿನಲ್ಲಿ ಎಬ್ಬಿಸಿದ್ದ ಎರಡು ನೋಡ್‌ಗಳ ಕ್ಲಸ್ಟರೊಂದು ಸದ್ದಿಲ್ಲದೆ ಓಡುತ್ತಲೇ ಇತ್ತು. ‘ಗೆಟ್ ಕ್ಲಸ್ಟರ್ಸ್’ ಎಂದು ಕೇಳಿದ್ದರೆ ಮೊದಲ ನಿಮಿಷದಲ್ಲೇ ಹೇಳುತ್ತಿತ್ತು. ಈ ಪಾಲು ನನ್ನ ತಪ್ಪು, ಉಪಕರಣದ್ದಲ್ಲ.

ಹಾಗೆಂದು ಉಪಕರಣಕ್ಕೆ ಪೂರ್ತಿ ಮಾಫಿ ಇಲ್ಲ. ನೋಡಿನ ಲಾಗ್‌ನ ಕೊನೆಯ ನಾಲ್ಕು ಸಾಲುಗಳನ್ನು ಅಳಿಸುವ ಮೊದಲು ಪರದೆಯ ಮೇಲೆ ಎರಚಿದ್ದರೆ ನನ್ನ ಸಂಜೆ ಉಳಿಯುತ್ತಿತ್ತು. ಮುಂದಿನ ಹಂತದಲ್ಲಿ, ಅಂದರೆ ಕಂಟ್ರೋಲ್ ಪ್ಲೇನ್ ಏಳುವಾಗ ಅದನ್ನು ಹೊಂದಿಸುವ ಕ್ಯೂಬ್‌ಅಡ್ಮಿನ್ ಸೋತರೆ, ಅದರ ಇಡೀ ಪುರಾಣವನ್ನು ಕೈಂಡ್ ಪರದೆಗೆ ಸುರಿಯುತ್ತದೆ. ಕ್ಯೂಬ್‌ಲೆಟ್‌ನ ಆರೋಗ್ಯ ವಿಚಾರಿಸಲು 10248ನೆಯ ಪೋರ್ಟಿಗೆ ಹೋದೆ, ಬಾಗಿಲು ತೆರೆಯಲಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಲ್ಲಿ ಬಾಯಿಬಡುಕ, ಇಲ್ಲಿ ಮೂಕ. ಈ ಪಂಕ್ತಿಭೇದ ನನಗೆ ಅರ್ಥವಾಗಿಲ್ಲ.

ಇನ್ನೊಂದು ಸೋಲನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಪಿಎನ್ ಚಾಲೂ ಇದ್ದಾಗ ಹೊಸ ಯಂತ್ರದಲ್ಲಿ ಮೊದಲ ಕ್ಲಸ್ಟರ್ ಕಟ್ಟಹೊರಟೆ. ಒಂದಕ್ಕೊಂದು ಅತಿಕ್ರಮಿಸದ ವಿಳಾಸಗಳ ಗುಂಪು ಸಿಗುತ್ತಿಲ್ಲ ಎಂದು ಡಾಕರ್ ಹೇಳಿತು. ಕೈಂಡ್ ತನ್ನದೇ ಹೆಸರಿನ ಡಾಕರ್ ಜಾಲವೊಂದನ್ನು ಕಟ್ಟಿಕೊಳ್ಳುತ್ತದೆ. ವಿಪಿಎನ್ ಎಲ್ಲ ದಾರಿಗಳನ್ನೂ ತನ್ನೆಡೆಗೆ ತಿರುಗಿಸಿಕೊಂಡಿದ್ದರೆ ಅದಕ್ಕೆ ಜಾಗವಿರುವುದಿಲ್ಲ. ವಿಪಿಎನ್ ಆರಿಸಿ ಒಮ್ಮೆ ಕಟ್ಟಿದೆ, ಜಾಲ ಉಳಿದುಕೊಂಡಿತು, ಮತ್ತೆ ತೊಂದರೆಯಾಗಲಿಲ್ಲ. ಸಂದೇಶ ನೇರವಾಗಿದ್ದುದರಿಂದ ಹತ್ತು ನಿಮಿಷದ ಕೆಲಸ.

ಹೋಲಿಸಿ ನೋಡಲು ಇದೇ ಕೆಲಸ ಮಾಡುವ ಮತ್ತೊಂದು ಉಪಕರಣ ಮಿನಿಕ್ಯೂಬ್ ಅನ್ನೂ ಒಂದು ತಿಂಗಳು ಇಟ್ಟುಕೊಂಡಿದ್ದೆ. ಸೋತಾಗ ಅದರ ನಡತೆ ಮೇಲು. ಪ್ರೊಸೆಸರ್ ಕೋರ್‌ಗಳು ಎರಡಕ್ಕಿಂತ ಕಡಿಮೆ ಇದ್ದರೆ ಇಂಥದ್ದು ಸಾಲದು ಎಂದು ದೋಷಕ್ಕೊಂದು ಹೆಸರಿಟ್ಟು ಹೇಳುತ್ತದೆ, ಲಾಗ್ ಎಲ್ಲಿ ಸಿಗುತ್ತದೆ ಎಂದೂ ತಿಳಿಸುತ್ತದೆ. ಹಣೆ ಚಚ್ಚಿಕೊಳ್ಳುವ, ಅಳುವ ಬೆಕ್ಕಿನ ಚಿತ್ರಗಳು ಮಾತ್ರ ರಾತ್ರಿ ಹತ್ತಕ್ಕೆ ರುಚಿಸುವುದಿಲ್ಲ. ಆದರೆ ಪ್ರಾಕ್ಸಿಯ (ಹೊರಜಾಲದ ಮಾತನ್ನೆಲ್ಲ ತನ್ನ ಮೂಲಕ ಹಾಯಿಸುವ ಮಧ್ಯವರ್ತಿಯ) ಹಿಂದೆ ಕೂತವರಿಗೆ ಅದು ಕಷ್ಟ ಕೊಡುತ್ತದೆ: ಕ್ಲಸ್ಟರಿನೊಳಗಿನ ಸರ್ವಿಸ್ ವಿಳಾಸಗಳ 10.96.0.0/12 ಎಂಬ ಸಾಲನ್ನು ಪ್ರಾಕ್ಸಿಗೆ ಕಳಿಸಬಾರದ ಪಟ್ಟಿಯಲ್ಲಿ ನಾವೇ ಬರೆಯಬೇಕು. ಮರೆತರೆ ಕ್ಲಸ್ಟರ್ ತನ್ನೊಡನೆ ಆಡಬೇಕಾದ ಮಾತನ್ನು ಪ್ರಾಕ್ಸಿಯ ಬಳಿ ಆಡಹೋಗಿ ಕೆಡುತ್ತದೆ. ಕೈಂಡ್ ಆ ಪಟ್ಟಿಗೆ ತನ್ನ ಜಾಲಗಳನ್ನು ತಾನೇ ಸೇರಿಸಿಕೊಳ್ಳುತ್ತದೆ. ಸ್ವಾಪ್ (ಡಿಸ್ಕಿನ ಜಾಗವನ್ನೇ ಎರವಲು ಪಡೆದ) ಮೆಮೊರಿ ಇದ್ದರೆ ಏಳುವುದಿಲ್ಲ ಎಂದು ಕ್ಯೂಬ್‌ಲೆಟ್ ತನ್ನ ರೂಢಿಯಂತೆ ಹಟ ಹಿಡಿಯುತ್ತದಲ್ಲ, ಕೈಂಡ್ ಅದನ್ನೂ ಮೊದಲೇ ಸುಮ್ಮನಾಗಿಸಿರುತ್ತದೆ. ಕಾಣದ ಕಡೆ ಇಷ್ಟು ಜಾಣತನ ತೋರಿಸಿದವರು ಕಾಣುವ ಕಡೆ ಏಕೆ ಕೈಬಿಟ್ಟರೋ.

ಇನ್ನೊಂದು ಸಣ್ಣ ದೂರು. ಕೈ ಬೀಸಿತು ಎಂದ ಮಾತ್ರಕ್ಕೆ ಕ್ಲಸ್ಟರ್ ಸಿದ್ಧವಾಗಿದೆ ಎಂದಲ್ಲ. ‘ವೇಟ್’ ಎಂಬ ಫ್ಲ್ಯಾಗಿನಲ್ಲಿ ಸಮಯ ಕೊಡದಿದ್ದರೆ ಅದು ಕಂಟ್ರೋಲ್ ಪ್ಲೇನ್ ಪೂರ್ತಿ ಸಿದ್ಧವಾಗುವವರೆಗೆ ಕಾಯುವುದಿಲ್ಲ. ಮರುಕ್ಷಣವೇ ಪರೀಕ್ಷೆ ಹಚ್ಚಿದವರು ಇಲ್ಲದ ದೋಷ ಹುಡುಕುತ್ತಾ ಕೂರುತ್ತಾರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೇ ನೋಡು ಸಾಕು ಎನ್ನುವವರು, ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಕಟ್ಟಿ ಕೆಡವುವವರು ಅರ್ಧ ಅಂಕ ಹೆಚ್ಚಿಗೆ ಕೊಟ್ಟರೆ ನನ್ನ ತಕರಾರಿಲ್ಲ. ಕುಬರ್ನೆಟೀಸನ್ನು ಈಗಷ್ಟೇ ಕಲಿಯುತ್ತಿರುವವರು ಮಿನಿಕ್ಯೂಬ್‌ನಿಂದ ಶುರುಮಾಡಲಿ.

ನಾನು ಕೈಂಡ್‌ನಲ್ಲಿಯೇ ಉಳಿದಿದ್ದೇನೆ. ಕ್ಲಸ್ಟರ್ ಕಟ್ಟುವ ಆಜ್ಞೆಗೆ ಒಂದು ಅಡ್ಡಹೆಸರು ಮಾಡಿಕೊಂಡು ರಿಟೇನ್ ಅನ್ನೂ ಐದು ನಿಮಿಷದ ವೇಟ್ ಅನ್ನೂ ಅದರೊಳಗೇ ಸೇರಿಸಿದ್ದೇನೆ. ಇದಕ್ಕೂ ಒಂದು ಬೆಲೆಯಿದೆ: ಸೋತ ನೋಡ್‌ಗಳನ್ನು ಈಗ ನಾನೇ ಅಳಿಸಬೇಕು, ಇಲ್ಲದಿದ್ದರೆ ಆ ಹೆಸರಿನ ಕ್ಲಸ್ಟರಿಗೆ ಸೇರಿದ ನೋಡ್‌ಗಳು ಈಗಾಗಲೇ ಇವೆ ಎಂದು ಮುಂದಿನ ಬಾರಿ ಮುಖ ತಿರುಗಿಸುತ್ತದೆ. ಕಳೆದ ವಾರ ಹುಡುಗ ನನ್ನ ಯಂತ್ರದಲ್ಲಿ ‘ಗೆಟ್ ಕ್ಲಸ್ಟರ್ಸ್’ ಹೊಡೆದು, “ಮೇಡಂ, ಇವು ಮೂರೂ ನಿಮ್ಮವೇ?” ಎಂದ. ಮೂರೂ ನನ್ನವೇ.