ಎಇಪಿ6 ಕ್ಯಾಲ್ಕುಲೇಟರ್ ವಿಮರ್ಶೆ: ಕಲೆಯಿಂದ ಊರಿಗೆ ಬಂದ ದುಡ್ಡು ಎಷ್ಟು?

ಅಮೆರಿಕದ ಕಲಾ ಸಂಸ್ಥೆ ಅಮೆರಿಕನ್ಸ್ ಫಾರ್ ದಿ ಆರ್ಟ್ಸ್ ನಡೆಸಿದ ಆರ್ಥಿಕ ಅಧ್ಯಯನ ಎಇಪಿ6 (ಆರ್ಟ್ಸ್ ಅಂಡ್ ಇಕನಾಮಿಕ್ ಪ್ರಾಸ್ಪೆರಿಟಿ 6). ಅದನ್ನು ಆಧರಿಸಿದ ಕ್ಯಾಲ್ಕುಲೇಟರ್ ಕೇಳುವುದು ಮೂರೇ ಮಾಹಿತಿ: ಊರಿನ ಜನಸಂಖ್ಯೆ ಯಾವ ವರ್ಗಕ್ಕೆ ಸೇರುತ್ತದೆ, ಸಂಸ್ಥೆಯ ವಾರ್ಷಿಕ ವೆಚ್ಚ ಎಷ್ಟು, ಕಾರ್ಯಕ್ರಮಗಳಿಗೆ ಒಟ್ಟು ಎಷ್ಟು ಜನ ಬಂದರು. ಇಷ್ಟು ತುಂಬಿದರೆ ಒಟ್ಟು ಆರ್ಥಿಕ ಚಟುವಟಿಕೆ, ಉದ್ಯೋಗ, ಕುಟುಂಬಗಳ ಆದಾಯ, ಸರ್ಕಾರಕ್ಕೆ ಸೇರುವ ತೆರಿಗೆಯ ಅಂದಾಜು ಸಿಗುತ್ತದೆ. ಶುಲ್ಕವಿಲ್ಲ. ಅರ್ಥಶಾಸ್ತ್ರಜ್ಞರನ್ನು ಗೊತ್ತುಮಾಡುವ ಶಕ್ತಿಯಿಲ್ಲದ ನಾಟಕ ತಂಡಕ್ಕೆ, ಸಣ್ಣ ಮ್ಯೂಸಿಯಂಗೆ ಇದು ದೊಡ್ಡ ಉಪಕಾರ. ಆದರೆ ಬಂದ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡು ಸಿಟಿ ಕೌನ್ಸಿಲ್ ಮುಂದಿಟ್ಟರೆ ಮೊದಲ ಗಟ್ಟಿ ಪ್ರಶ್ನೆಗೇ ಅದು ಕುಸಿಯುತ್ತದೆ.

ಇದರ ಬುನಾದಿ ಚೆನ್ನಾಗಿದೆ. 2022ನೇ ಹಣಕಾಸು ವರ್ಷದ ಲೆಕ್ಕ ಹಿಡಿದು, 50 ರಾಜ್ಯಗಳು ಮತ್ತು ಪೋರ್ಟೊ ರಿಕೊದ 373 ಪ್ರದೇಶಗಳಲ್ಲಿ ನಡೆಸಿದ ಅಧ್ಯಯನ ಇದು. ಫಲಿತಾಂಶ ಹೊರಬಂದದ್ದು 2023ರಲ್ಲಿ. ಲಾಭರಹಿತ ಕಲಾ ಸಂಸ್ಥೆಗಳು ಖರ್ಚು ಮಾಡಿದ್ದು 7,330 ಕೋಟಿ ಡಾಲರ್, ಪ್ರೇಕ್ಷಕರು ಖರ್ಚು ಮಾಡಿದ್ದು 7,840 ಕೋಟಿ, ಒಟ್ಟು 15,170 ಕೋಟಿ. ಅದನ್ನು ಅವಲಂಬಿಸಿದ ಉದ್ಯೋಗ 26 ಲಕ್ಷ, ಎಲ್ಲ ಹಂತದ ಸರ್ಕಾರಗಳಿಗೆ ಸೇರಿದ ತೆರಿಗೆ 2,910 ಕೋಟಿ ಡಾಲರ್. ಪ್ರೇಕ್ಷಕರ ಪಾಲು ಸಂಸ್ಥೆಗಳ ಪಾಲಿಗಿಂತ ದೊಡ್ಡದು ಎಂಬುದೇ ಇಲ್ಲಿ ಮುಖ್ಯ. ಟಿಕೆಟ್ ಹಣ ಬಿಟ್ಟು, ಒಬ್ಬ ಪ್ರೇಕ್ಷಕ ಒಂದು ಕಾರ್ಯಕ್ರಮಕ್ಕೆ ಸರಾಸರಿ 38.46 ಡಾಲರ್ ಖರ್ಚು ಮಾಡುತ್ತಾನೆ: ಊಟ, ವಸತಿ, ಓಡಾಟ, ಅಂಗಡಿ ಖರೀದಿ, ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವ ಹಣ. ಅದೇ ಕೌಂಟಿಯವರದು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) 29.77, ಹೊರಗಿನಿಂದ ಬಂದವರದು 60.57.

ತುಂಬುವಾಗ ಜನ ಎಡವುವುದು ಎಲ್ಲಿ? ಮೊದಲನೆಯದಾಗಿ ವೆಚ್ಚದ ಅಂಕಣದಲ್ಲಿ. ಅಲ್ಲಿ ಬರಬೇಕಾದ್ದು ಸಂಬಳ, ಬಾಡಿಗೆ, ಸಾಮಗ್ರಿ, ಕಲಾವಿದರ ಸಂಭಾವನೆಯಂಥ ನಿಜವಾದ ಪಾವತಿ. ಕಲಾ ಮಂಡಳಿಯೊಂದು ತಾನು ಪಡೆದ ಅನುದಾನವನ್ನು ಸಣ್ಣ ತಂಡಗಳಿಗೆ ಹಂಚಿದ್ದರೆ, ಆ ಹಣವನ್ನು ತಂಡಗಳೂ ತಮ್ಮ ವೆಚ್ಚದಲ್ಲಿ ತೋರಿಸಿರುತ್ತವೆ. ಎರಡನ್ನೂ ಕೂಡಿದರೆ ಒಂದೇ ಡಾಲರ್ ಎರಡು ಸಲ ಎಣಿಕೆಯಾಗುತ್ತದೆ. ಹೊಸ ಕಟ್ಟಡ ಕಟ್ಟಿದ ವರ್ಷವನ್ನು ಮಾಮೂಲಿ ವರ್ಷವೆಂದು ತೋರಿಸುವುದೂ ತಪ್ಪು. ಪ್ರೇಕ್ಷಕರ ಅಂಕಣದಲ್ಲಿ ಆನ್‌ಲೈನ್ ವೀಕ್ಷಕರನ್ನು ಸೇರಿಸಬಾರದು, ಮನೆಯಲ್ಲಿ ಕೂತವರು ಪಾರ್ಕಿಂಗ್‌ಗೂ ಊಟಕ್ಕೂ ದುಡ್ಡು ಬಿಚ್ಚುವುದಿಲ್ಲ. ಶಾಲಾ ಬಸ್ಸಿನಲ್ಲಿ ಬಂದು ಹಾಗೇ ಹಿಂದಿರುಗುವ ಮಕ್ಕಳನ್ನೂ ಬೇರೆ ಇಡುವುದು ಒಳ್ಳೆಯದು.

ಜನಸಂಖ್ಯೆಯ ವರ್ಗ ಸಣ್ಣ ವಿಷಯವೆನಿಸಬಹುದು, ಅಲ್ಲ. ಸಣ್ಣ ಊರಿನಲ್ಲಿ ಬೆಳಕಿನ ಸಲಕರಣೆ, ಮುದ್ರಣ, ವಿಮೆ ಎಲ್ಲಕ್ಕೂ ಹೊರಗಿನವರನ್ನೇ ಆಶ್ರಯಿಸಬೇಕು. ದುಡ್ಡು ಒಂದೆರಡು ಕೈ ದಾಟುವಷ್ಟರಲ್ಲಿ ಊರು ಬಿಡುತ್ತದೆ. ದೊಡ್ಡ ನಗರದಲ್ಲಿ ಅದೇ ದುಡ್ಡು ಇನ್ನಷ್ಟು ಸುತ್ತು ಹೊಡೆಯುತ್ತದೆ. ಹೀಗಾಗಿ ಮಹಾನಗರದ ಪಕ್ಕದ ಪುಟ್ಟ ಊರಿನವರು ಮಹಾನಗರದ ವರ್ಗ ಆರಿಸಿಕೊಂಡರೆ ಲೆಕ್ಕ ಸುಮ್ಮಸುಮ್ಮನೆ ಉಬ್ಬುತ್ತದೆ.

ಈಗ ಅಸಲು ವಿಷಯ. ವರ್ಷಕ್ಕೆ 20,000 ಪ್ರೇಕ್ಷಕರಿರುವ ಸಂಸ್ಥೆ ಎಂದುಕೊಳ್ಳಿ. ರಾಷ್ಟ್ರೀಯ ಸರಾಸರಿ 38.46ರಿಂದ ಗುಣಿಸಿದರೆ 7,69,200 ಡಾಲರ್. ಆದರೆ ಆ ಸರಾಸರಿ ಬಂದಿರುವ ಸಮೀಕ್ಷೆಯಲ್ಲಿ ಪ್ರೇಕ್ಷಕರ ಪೈಕಿ ಶೇ 30.1 ಮಂದಿ ಹೊರಗಿನವರು. ನಿಮ್ಮಲ್ಲಿ ಹೊರಗಿನವರು ಶೇ 10 ಮಾತ್ರವಾದರೆ? 2,000 ಮಂದಿ 60.57ರಂತೆ 1,21,140, ಉಳಿದ 18,000 ಮಂದಿ 29.77ರಂತೆ 5,35,860, ಒಟ್ಟು 6,57,000. ಅರ್ಥಶಾಸ್ತ್ರಜ್ಞರು ಇಷ್ಟಕ್ಕೇ ಬಿಡುವುದಿಲ್ಲ. ನಾಟಕ ಇರದಿದ್ದರೆ ಸ್ಥಳೀಯರು ಅದೇ ದುಡ್ಡನ್ನು ಊರಿನ ಇನ್ನೊಂದು ಹೋಟೆಲಿಗೋ ಬೌಲಿಂಗ್ ಆಟಕ್ಕೋ ಕೊಡುತ್ತಿದ್ದರು, ಅದನ್ನು ಊರಿಗೆ ಹೊಸದಾಗಿ ಬಂದ ಹಣ ಎನ್ನುವುದು ಹೇಗೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊರಗಿನಿಂದ ಬಂದವರಲ್ಲಿ ಶೇ 77 ಮಂದಿ ಮುಖ್ಯವಾಗಿ ಆ ಕಾರ್ಯಕ್ರಮಕ್ಕೆಂದೇ ಬಂದದ್ದಾಗಿ ಎಇಪಿ6 ಸಮೀಕ್ಷೆಯಲ್ಲಿ ಹೇಳಿದ್ದಾರೆ. ಅದನ್ನು ಅನ್ವಯಿಸಿದರೆ 1,540 ಮಂದಿ, ಸುಮಾರು 93,000 ಡಾಲರ್. ಏಳೂಮುಕ್ಕಾಲು ಲಕ್ಷದ ಹತ್ತಿರ ಇದ್ದದ್ದು ಲಕ್ಷದ ಒಳಗೆ ಬಂತು. ಬೇಸರಪಡಬೇಕಿಲ್ಲ: ಕಾರ್ಯಕ್ರಮವಿಲ್ಲದಿದ್ದರೆ ಊರಿಗೆ ಬರುತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳಬಹುದಾದ ದುಡ್ಡು ಇದು. ಇದನ್ನು ಮುಂದಿಟ್ಟು, ದೊಡ್ಡ ಸಂಖ್ಯೆಯನ್ನು "ಒಟ್ಟು ಚಟುವಟಿಕೆ" ಎಂಬ ಹೆಸರಿನಲ್ಲೇ ಪಕ್ಕದಲ್ಲಿ ಇಡುವುದು ಸರಿಯಾದ ಕ್ರಮ.

ಹಾಗಾಗಿ ಕ್ಯಾಲ್ಕುಲೇಟರ್ ಜೊತೆಗೆ ಸ್ವಂತ ಪ್ರೇಕ್ಷಕ ಸಮೀಕ್ಷೆ ಬೇಕೇಬೇಕು. ಒಂದು ಗುಂಪಿಗೆ ಒಂದೇ ನಮೂನೆ ಕೊಡಿ. ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್), ಗುಂಪಿನಲ್ಲಿರುವವರ ಸಂಖ್ಯೆ, ಬಾಬ್ತುವಾರು ಖರ್ಚು, ಊರಿಗೆ ಬಂದ ಮುಖ್ಯ ಕಾರಣ: ಇಷ್ಟು ಸಾಕು. ಒಟ್ಟು ಖರ್ಚನ್ನು ಗುಂಪಿನ ಸಂಖ್ಯೆಯಿಂದ ಭಾಗಿಸಲು ಮರೆತರೆ ತಲಾ ಖರ್ಚು ಎರಡು ಮೂರು ಪಟ್ಟು ಏರಿಬಿಡುತ್ತದೆ. ಸೊನ್ನೆ ಬರೆದವರನ್ನು "ಅಪೂರ್ಣ" ಎಂದು ಕೈಬಿಡಬೇಡಿ, ಸೊನ್ನೆಯೂ ಉತ್ತರವೇ. ಅದ್ದೂರಿ ಉದ್ಘಾಟನೆಯ ದಿನ ಮಾತ್ರವಲ್ಲ, ಬುಧವಾರದ ಖಾಲಿ ಖಾಲಿ ಪ್ರದರ್ಶನದಲ್ಲೂ, ಉಚಿತ ಕಾರ್ಯಕ್ರಮದಲ್ಲೂ ಹಂಚಿ. ಹೊರಗಿನವರ ಶೇಕಡಾವಾರು ತಿಳಿಯಲು 400 ನಮೂನೆ ಇದ್ದರೆ ಐದು ಅಂಶ ಆಚೀಚೆ ಆಗಬಹುದು, ಅದೂ ಹಂಚಿಕೆ ಪಕ್ಷಪಾತವಿಲ್ಲದೆ ನಡೆದಿದ್ದರೆ. ಖರ್ಚಿನ ಸರಾಸರಿಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಹೋಟೆಲಿನಲ್ಲಿ ತಂಗಿದ ನಾಲ್ಕಾರು ಮಂದಿಯೇ ಸರಾಸರಿಯನ್ನು ಎಳೆದೊಯ್ಯುತ್ತಾರೆ.

ಹಿಂದಿನ ಆವೃತ್ತಿಯ ಜೊತೆ ಹೋಲಿಕೆ ಬೇಡ. ಎಇಪಿ5 2015ನೇ ಹಣಕಾಸು ವರ್ಷಕ್ಕೆ 16,630 ಕೋಟಿ ಡಾಲರ್ ಮತ್ತು 46 ಲಕ್ಷ ಉದ್ಯೋಗ ತೋರಿಸಿತ್ತು. ಎಇಪಿ6ರಲ್ಲಿ ಲೆಕ್ಕದ ಮಾದರಿಯೇ ಬದಲಾಗಿ, ಆರ್ಥಿಕ ಪರಿಣಾಮ ಅಂದಾಜಿಸುವ ಇಂಪ್ಲಾನ್ ಎಂಬ ಮಾದರಿ ಬಂದಿದೆ. 20 ಲಕ್ಷ ಕೆಲಸ ಹೋಯಿತು ಎಂದು ಅರ್ಥವಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಆರ್ಥಿಕ ವಿಶ್ಲೇಷಣಾ ಬ್ಯೂರೊ ಇಡೀ ಕಲಾ-ಸಾಂಸ್ಕೃತಿಕ ಕ್ಷೇತ್ರದ ಕೊಡುಗೆಯೆಂದು 2022ಕ್ಕೆ ಕೊಡುವ 1.1 ಲಕ್ಷ ಕೋಟಿ ಡಾಲರ್, ಅಂದರೆ ಜಿಡಿಪಿಯ ಶೇ 4.3, ಎಂಬ ಅಂಕಿಯನ್ನೂ ಇದರ ಜೊತೆ ಬೆರೆಸಬಾರದು. ಸಿನಿಮಾ, ಪ್ರಸಾರ, ಪ್ರಕಾಶನದಂಥ ವಾಣಿಜ್ಯ ಉದ್ಯಮಗಳೂ ಅದರಲ್ಲಿವೆ. ಅನುದಾನದ ಅರ್ಜಿಯಲ್ಲಿ ಯಾವ ಅಂಕಿ ಬರೆದರೂ ಅದರ ಪಕ್ಕದಲ್ಲಿ ಅಧ್ಯಯನದ ಹೆಸರು, ಹಣಕಾಸು ವರ್ಷ, ಆರಿಸಿದ ಜನಸಂಖ್ಯೆಯ ವರ್ಗ ಈ ಮೂರೂ ಇರಲಿ.